ಪೆಟ್ರೋಲ್ ಸೀಮೆಎಣ್ಣೆಯಲ್ಲ

(ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಹಾಲಿನ ಡೈರಿಯ ಮುಂದಿನ ಅಂಗಳದಲ್ಲಿ ರೈತರು ಮತ್ತು ಸ್ವಸಹಾಯ ಸಂಘದ ಮಹಿಳೆಯರ ಎದುರು ಆಡಿದ ಮಾತಿನ ಬರಹ ರೂಪ. ಪ್ರಶ್ನೋತ್ತರದಲ್ಲಿ ಮುಖ್ಯವಾದವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೆಟ್ರೋಲ್ ಹಾಕಿ ಓಡಿಸುವ ಯಂತ್ರ ಎಷ್ಟು ಮನೆಗಳಲ್ಲಿದೆ ಎಂದು ಕೇಳಿದಾಗ ಬಹುತೇಕ ಎಲ್ಲರೂ ಕೈ ಎತ್ತಿದಿರಿ. ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಬದುವಿನ ಹುಲ್ಲು ಕತ್ತರಿಸುವ ಬ್ರಷ್ ಕಟ್ಟರ್, ಕಬ್ಬಿನ ಸಾಲಿನ ನಡುವೆ ಕಳೆ ತೆಗೆಯುವ ಪವರ್ ವೀಡರ್, ನಾಲೆಯಿಂದ ನೀರೆತ್ತುವ ಸಣ್ಣ ಪಂಪು, ಅಂಗಡಿ ಮುಂದಿನ ಜನರೇಟರ್. ಇಪ್ಪತ್ತು ವರ್ಷದ ಹಿಂದೆ ಇಷ್ಟು ಯಂತ್ರಗಳು ಊರಿಗೆ ನಾಲ್ಕೈದು ಇದ್ದರೆ ಹೆಚ್ಚು. ಕೂಲಿಗೆ ಆಳು ಸಿಗುವುದು ಕಷ್ಟವಾದಂತೆಲ್ಲ ಇವು ಮನೆ ಸೇರಿದವು. ಯಂತ್ರದ ಜೊತೆಗೆ ಪೆಟ್ರೋಲ್ ತುಂಬಿದ ಕ್ಯಾನೂ ಬಂತು. ಆ ಕ್ಯಾನಿನ ಬಗ್ಗೆ ಮಾತನಾಡಲು ನಾನು ಬಂದಿದ್ದೇನೆ.

ಅದನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದೆ. ಕೊಟ್ಟಿಗೆಯಲ್ಲಿ, ಅಟ್ಟದ ಮೇಲೆ, ಮೋಟರ್ ಮನೆಯಲ್ಲಿ, ಬಚ್ಚಲಿನ ಒಲೆಯ ಪಕ್ಕದಲ್ಲಿ ಎಂಬ ಉತ್ತರಗಳು ಬಂದವು. ಯಾವುದರಲ್ಲಿ ಎಂದು ಕೇಳಿದೆ. ನೀರಿನ ಬಾಟಲಿ, ಜ್ಯೂಸ್ ಬಾಟಲಿ, ಖಾಲಿಯಾದ ಕೀಟನಾಶಕದ ಡಬ್ಬಿ. ಯಾವಾಗ ತಂದದ್ದು ಎಂಬುದಕ್ಕೆ ಮಾತ್ರ ಯಾರ ಬಳಿಯೂ ಖಚಿತ ಉತ್ತರವಿರಲಿಲ್ಲ. 'ಹೋದ ಮಳೆಗಾಲದಲ್ಲಿ ಇರಬೇಕು' ಎಂದರು ಒಬ್ಬರು.

ಇದರಲ್ಲಿ ಯಾರದೂ ಅಸಡ್ಡೆ ಇಲ್ಲ. ಇದು ಸೀಮೆಎಣ್ಣೆಯ ಕಾಲದಿಂದ ಬಂದ ಅಭ್ಯಾಸ. ಪಡಿತರದಲ್ಲಿ ಸೀಮೆಎಣ್ಣೆ ಬಂದಾಗ ಕ್ಯಾನಿಗೆ ತುಂಬಿಸಿ ಮೂಲೆಯಲ್ಲಿ ಇಡುತ್ತಿದ್ದೆವು. ದೀಪಕ್ಕೆ, ಸ್ಟೌಗೆ, ಪಂಪ್‌ಸೆಟ್ಟಿಗೆ ಬೇಕಾದಾಗ ಬಗ್ಗಿಸಿಕೊಳ್ಳುತ್ತಿದ್ದೆವು. ವರ್ಷ ಕಳೆದರೂ ಅದು ಉರಿಯುತ್ತಿತ್ತು. ಅದೇ ಕ್ಯಾನ್, ಅದೇ ಮೂಲೆ, ಅದೇ ಧೈರ್ಯ ಪೆಟ್ರೋಲಿಗೂ ಮುಂದುವರಿಯಿತು. ಆದರೆ ಪೆಟ್ರೋಲ್ ಬೇರೆಯದೇ ದ್ರವ. ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳಬೇಕಾದರೆ ಎಣ್ಣೆ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಿರಬೇಕು. ಪೆಟ್ರೋಲಿನಲ್ಲಿ ಆ ಮಟ್ಟ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದೆ. ನಮ್ಮ ಜಿಲ್ಲೆಯಲ್ಲಿ ವರ್ಷದ ಯಾವ ದಿನ, ಯಾವ ಹೊತ್ತಿನಲ್ಲಿ ಮುಚ್ಚಳ ತೆಗೆದರೂ ಅದರಿಂದ ಹೊತ್ತಿಕೊಳ್ಳಬಲ್ಲ ಆವಿ ಏಳುತ್ತಲೇ ಇರುತ್ತದೆ. 1934ರ ಪೆಟ್ರೋಲಿಯಂ ಕಾಯ್ದೆ ಇವೆರಡನ್ನೂ ಬೇರೆ ಬೇರೆ ದರ್ಜೆಗೆ ಸೇರಿಸಿರುವುದು ಇದೇ ಕಾರಣಕ್ಕೆ.

ಆ ಆವಿಯ ನಡತೆಯನ್ನು ನೀವು ಸರಿಯಾಗಿ ತಿಳಿದುಕೊಂಡರೆ ನನ್ನ ಮಾತಿನ ಅರ್ಧ ಮುಗಿದಂತೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ತೂಕ. ಅದು ಮೇಲಕ್ಕೆ ಹೋಗಿ ಕಿಟಕಿಯಿಂದ ಹೊರಗೆ ಹಾರುವುದಿಲ್ಲ. ನೆಲಕ್ಕೆ ಇಳಿದು, ನೆಲದ ಮೇಲೆಯೇ ಹರಿದು, ತಗ್ಗಿನಲ್ಲಿ ನಿಲ್ಲುತ್ತದೆ. ಹೊಸಿಲು ದಾಟಿ ಪಕ್ಕದ ಕೋಣೆಗೂ ಹೋಗುತ್ತದೆ. ಕ್ಯಾನ್ ಇರುವ ಕಡೆ ಬೆಂಕಿ ಇಲ್ಲ ಎಂದು ನಾವು ನೆಮ್ಮದಿಯಿಂದ ಇರುತ್ತೇವೆ. ಬೆಂಕಿ ಹತ್ತಡಿ ಆಚೆ ಹಂಡೆಯ ಒಲೆಯಲ್ಲಿರುತ್ತದೆ. ಆವಿ ಅಲ್ಲಿಗೆ ಹೋಗಿ ಮುಟ್ಟಿದರೆ ಜ್ವಾಲೆ ಬಂದ ದಾರಿಯಲ್ಲೇ ಕ್ಯಾನಿನವರೆಗೂ ಹಿಂದಿರುಗುತ್ತದೆ. ಗಾಳಿಯಲ್ಲಿ ಈ ಆವಿ ನೂರಕ್ಕೆ ಒಂದೂವರೆ ಪಾಲಿನಷ್ಟಿದ್ದರೆ ಸಾಕು, ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿದರೆ, ಒಂದೇ ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ನಿಮ್ಮ ಹೊಲದ ಚಿಕ್ಕ ಮೋಟರ್ ಮನೆಯ ಇಡೀ ಗಾಳಿಯನ್ನು ಸಿಡಿಯುವ ಸ್ಥಿತಿಗೆ ತರಬಲ್ಲದು.

ಮೋಟರ್ ಮನೆಯ ಮಾತನ್ನು ಸುಮ್ಮನೆ ತೆಗೆಯಲಿಲ್ಲ. ನನ್ನನ್ನು ಅತಿ ಹೆಚ್ಚು ಹೆದರಿಸುವ ಜಾಗ ಅದೇ. ಬಾಗಿಲು ಹಾಕಿ ಬೀಗ ಜಡಿದಿರುತ್ತೇವೆ. ಕಿಟಕಿ ಇರುವುದಿಲ್ಲ. ತಗಡಿನ ಚಾವಣಿ ಬಿಸಿಲಿಗೆ ಕಾದಿರುತ್ತದೆ. ಗೋಡೆಯ ಮೇಲೆ ಸ್ಟಾರ್ಟರ್, ಅದರ ಕೆಳಗೆ ನೆಲದ ಮೇಲೆ ಸ್ಪ್ರೇಯರಿನ ಪೆಟ್ರೋಲ್. ಮುಚ್ಚಳ ಸಡಿಲವಾದ ಬಾಟಲಿಯಿಂದ ರಾತ್ರಿಯೆಲ್ಲ ಆವಿ ಒಸರಿರುತ್ತದೆ. ಕರೆಂಟ್ ಬಂದ ಕೂಡಲೇ ಸ್ಟಾರ್ಟರಿನ ಗುಂಡಿ ಒತ್ತುತ್ತೇವೆ. ಒಳಗಿನ ಕಾಂಟ್ಯಾಕ್ಟ್‌ಗಳು ಕೂಡುವಾಗಲೂ ಬಿಡುವಾಗಲೂ ಕಿಡಿ ಹಾರುವುದನ್ನು ನೀವೆಲ್ಲ ನೋಡಿದ್ದೀರಿ. ಆಟೊ ಸ್ಟಾರ್ಟರ್ ಇದ್ದರೆ ಮನುಷ್ಯರೇ ಇಲ್ಲದ ಹೊತ್ತಿನಲ್ಲಿ ಆ ಕಿಡಿ ಹಾರುತ್ತದೆ. ಇವತ್ತು ಮನೆಗೆ ಹೋದ ಮೇಲೆ ಬೇರೇನೂ ಮಾಡದಿದ್ದರೂ ಮೋಟರ್ ಮನೆಯಲ್ಲಿರುವ ಪೆಟ್ರೋಲನ್ನು ದಯವಿಟ್ಟು ಹೊರಗೆ ತೆಗೆಯಿರಿ.

ಇನ್ನು ಹಳೆಯದಾಗುವ ವಿಷಯಕ್ಕೆ ಬರುತ್ತೇನೆ. ಮೇಜಿನ ಮೇಲೆ ಎರಡು ಗಾಜಿನ ಬಾಟಲಿಗಳಿವೆ. ಒಂದು ಬೆಳಿಗ್ಗೆ ಬಂಕಿನಿಂದ ತಂದದ್ದು. ಇನ್ನೊಂದು ಒಂದು ಬ್ರಷ್ ಕಟ್ಟರಿನ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದದ್ದು. ಮುಂದಿನ ಸಾಲಿನವರು ಬಂದು ಬಿಸಿಲಿಗೆ ಹಿಡಿದು ನೋಡಿದಿರಿ. ಹೊಸದರಲ್ಲಿ ಆಚೆ ಬದಿಯ ಬೆರಳು ಸ್ಪಷ್ಟವಾಗಿ ಕಾಣುತ್ತದೆ. ಹಳೆಯದು ಕಂದು ಬಣ್ಣಕ್ಕೆ ತಿರುಗಿದೆ, ತಳದಲ್ಲಿ ಬೇರೊಂದು ಪದರ ನಿಂತಿದೆ, ಅಲ್ಲಾಡಿಸಿದರೆ ಮೋಡ ಕವಿಯುತ್ತದೆ. ವಾಸನೆಯಲ್ಲೂ ವ್ಯತ್ಯಾಸವಿದೆ. ಹೊಸದು ಮೂಗಿಗೆ ಚುಚ್ಚುತ್ತದೆ. ಹಳೆಯದರಲ್ಲಿ ಹುಳಿ ಬೆರೆತ ವಾರ್ನಿಷ್ ವಾಸನೆ. ಅದನ್ನು ಮೂಸಿ ನೋಡಬೇಡಿ, ಮುಚ್ಚಳ ತೆಗೆದರೆ ದೂರದಿಂದಲೇ ತಿಳಿಯುತ್ತದೆ.

ಏನಾಯಿತು ಇದಕ್ಕೆ? ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಹಗುರವಾದವು ಮೊದಲು ಹಾರಿಹೋಗುತ್ತವೆ. ತಣ್ಣಗಿರುವ ಇಂಜಿನ್ನನ್ನು ಒಂದೇ ಎಳೆತಕ್ಕೆ ಹೊತ್ತಿಸುವ ಶಕ್ತಿ ಇರುವುದು ಆ ಹಗುರ ಭಾಗದಲ್ಲಿ. ಅದು ಹೋದ ಮೇಲೆ ನೀವು ಹಗ್ಗ ಎಳೆದು ಎಳೆದು ಭುಜ ನೋಯಿಸಿಕೊಳ್ಳುತ್ತೀರಿ. ಆಲೆಮನೆಯ ಕೊಪ್ಪರಿಗೆಯಲ್ಲಿ ನೀರು ಆರಿದಂತೆಲ್ಲ ಕಬ್ಬಿನ ಹಾಲು ಪಾಕವಾಗಿ ಗಟ್ಟಿಯಾಗುತ್ತದಲ್ಲ, ಇಲ್ಲಿಯೂ ಉಳಿಯುವುದು ಭಾರವಾದ ಅಂಟು. ಅದರ ಜೊತೆಗೆ ಇನ್ನೊಂದು ಕ್ರಿಯೆಯೂ ನಡೆಯುತ್ತದೆ. ಪೆಟ್ರೋಲಿನ ಕೆಲವು ಅಂಶಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗೋಂದಾಗುತ್ತವೆ. ಬಿಸಿಲು, ಶಾಖ, ತಾಮ್ರ ಹಿತ್ತಾಳೆಯ ಸಂಪರ್ಕ ಇದನ್ನು ಬೇಗ ಮಾಡಿಸುತ್ತವೆ. ಕ್ಯಾನ್ ಅರ್ಧ ಖಾಲಿ ಇದ್ದರೆ ಒಳಗೆ ಗಾಳಿ ಹೆಚ್ಚು, ಕೆಡುವುದೂ ಬೇಗ.

ಈ ಗೋಂದು ಹೋಗಿ ಕೂರುವುದು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನಲ್ಲಿ. ನಾನು ತಂದಿರುವ ಈ ಕಾರ್ಬ್ಯುರೇಟರನ್ನು ಕೈಯಿಂದ ಕೈಗೆ ದಾಟಿಸಿ. ಕೆಳಗಿನ ಬಟ್ಟಲನ್ನು ಬಿಚ್ಚಿದ್ದೇನೆ. ತಳದಲ್ಲಿ ಕಂದು ಹಸಿರು ಪಾಚಿ ಬಣ್ಣದ ಅಂಟು ಕಾಣುತ್ತದೆ, ಉಗುರಿನಿಂದ ಕೆರೆದರೂ ಪೂರ್ತಿ ಬರುವುದಿಲ್ಲ. ನಡುವಿನ ಹಿತ್ತಾಳೆಯ ತುಂಡು ಜೆಟ್. ಅದನ್ನು ಬೆಳಕಿಗೆ ಹಿಡಿದು ನೋಡಿ, ಬೆಳಕು ಕಾಣುತ್ತಿಲ್ಲ. ಅಲ್ಲೊಂದು ಅತಿ ಸಣ್ಣ ರಂಧ್ರವಿದೆ. ಇಂಜಿನ್ ಕುಡಿಯುವ ಪೆಟ್ರೋಲೆಲ್ಲ ಆ ರಂಧ್ರದಿಂದಲೇ ಬರಬೇಕು. ಅದು ಅರ್ಧ ಮುಚ್ಚಿದರೆ ಚೋಕ್ ಎಳೆದಾಗ ಮಾತ್ರ ಓಡುತ್ತದೆ, ಚೋಕ್ ಬಿಟ್ಟ ಕೂಡಲೇ ನಿಲ್ಲುತ್ತದೆ. ಈ ಲಕ್ಷಣ ನಿಮಗೆಲ್ಲ ಚೆನ್ನಾಗಿ ಪರಿಚಯವಿದೆ. ಇದಕ್ಕೆ ತಂತಿ ಚುಚ್ಚಿ ರಂಧ್ರ ಬಿಡಿಸುವವರಿದ್ದಾರೆ, ಅದು ತಪ್ಪು. ಹಿತ್ತಾಳೆ ಮೆದು, ರಂಧ್ರ ಅಗಲವಾಗುತ್ತದೆ. ಆಮೇಲೆ ಯಂತ್ರ ಜೀವಮಾನವಿಡೀ ಹೆಚ್ಚು ಪೆಟ್ರೋಲ್ ಕುಡಿದು ಹೊಗೆ ಕಾರುತ್ತದೆ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಸಬೇಕು. ಬ್ರಷ್ ಕಟ್ಟರಿನಲ್ಲಿ ಬಟ್ಟಲಿನ ಬದಲು ತೆಳುವಾದ ರಬ್ಬರ್ ಪೊರೆ ಇರುತ್ತದೆ. ಹಳೆಯ ಪೆಟ್ರೋಲಿನಲ್ಲಿ ನಿಂತು ಅದು ಬಿರುಸಾದರೆ ಬದಲಾಯಿಸುವುದೊಂದೇ ದಾರಿ.

ತಳದಲ್ಲಿ ನಿಂತಿರುವ ಆ ಪದರ ಏನು ಎಂದು ಹಿಂದಿನಿಂದ ಒಬ್ಬರು ಕೇಳಿದರು. ಕಬ್ಬು ಬೆಳೆಯುವ ನಮಗೆ ಅದು ತಿಳಿದಿರಬೇಕಾದ ಸಂಗತಿ. ಇವತ್ತು ಬಂಕಿನಲ್ಲಿ ಸಿಗುವುದು ಎಥನಾಲ್ ಎಂಬ ಮದ್ಯಸಾರ ಬೆರೆತ ಪೆಟ್ರೋಲ್. 2022ರ ಹೊತ್ತಿಗೆ ದೇಶದಲ್ಲಿ ನೂರಕ್ಕೆ ಹತ್ತು ಪಾಲು ಬೆರೆಸುವ ಗುರಿ ಮುಟ್ಟಿದ್ದಾಯಿತು. 2023ರ ಫೆಬ್ರುವರಿಯಲ್ಲಿ ಇಪ್ಪತ್ತು ಪಾಲಿನ ಮಾರಾಟ ಶುರುವಾಯಿತು, 2025ರಲ್ಲಿ ಅದು ದೇಶದ ಸಾಮಾನ್ಯ ಮಟ್ಟವಾಯಿತು. ಈ ಎಥನಾಲ್ ಬರುವುದು ಕಬ್ಬಿನ ಕಾಕಂಬಿಯಿಂದ, ಕಬ್ಬಿನ ಹಾಲಿನಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಮಂಡ್ಯದವರಿಗೆ ಇದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ. ಕಬ್ಬಿಗೆ ಇನ್ನೊಂದು ಮಾರುಕಟ್ಟೆ ಸಿಕ್ಕಿತು. ನಾನು ಎಥನಾಲಿನ ವಿರೋಧಿಯಲ್ಲ. ಆದರೆ ಅದರ ಗುಣ ತಿಳಿಯದೆ ಹಳೆಯ ಅಭ್ಯಾಸದಲ್ಲೇ ಇದ್ದರೆ ನಷ್ಟ ನಮಗೇ.

ಎಥನಾಲಿಗೆ ನೀರಿನ ಮೇಲೆ ಪ್ರೀತಿ ಹೆಚ್ಚು. ಬರಿಯ ಪೆಟ್ರೋಲಿನೊಳಗೆ ನೀರು ಬಿದ್ದರೆ ತಳಕ್ಕೆ ಹೋಗಿ ಕೂರುತ್ತದೆ. ಎಥನಾಲ್ ಇದ್ದರೆ ಅದು ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಹತ್ತು ಪಾಲು ಎಥನಾಲ್ ಇರುವ ಒಂದು ಲೀಟರ್ ಪೆಟ್ರೋಲ್ ಸುಮಾರು ಒಂದು ಟೀ ಚಮಚದಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಇಪ್ಪತ್ತು ಪಾಲಿನದು ಅದಕ್ಕಿಂತ ಹೆಚ್ಚು. ಮಿತಿ ದಾಟಿದ ಕ್ಷಣ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆಗೆ ತಳಕ್ಕೆ ಇಳಿದುಬಿಡುತ್ತದೆ. ಈಗ ನೋಡಿ, ಹೊಸ ಪೆಟ್ರೋಲಿಗೆ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ ಇಟ್ಟೆ. ತಳದ ಪದರ ನಾನು ಹಾಕಿದ ನೀರಿನ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ಮೊಬೈಲಿನಲ್ಲಿ ಇದೇ ಪ್ರಯೋಗ ತೋರಿಸಿ ಬಂಕಿನವರು ನೀರು ಬೆರೆಸಿದ್ದಾರೆ ಎಂದು ಬೊಬ್ಬೆ ಹಾಕುವ ವಿಡಿಯೊಗಳು ಓಡಾಡುತ್ತವೆ. ಹೆಚ್ಚಾಗಿ ಕಾಣುವುದು ನೀರಲ್ಲ, ನೀರನ್ನು ಸೇರಿದ ಎಥನಾಲ್. ಬಂಕಿನವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಇದು ಗೊತ್ತಿರಲಿ.

ಟ್ಯಾಂಕಿನಲ್ಲಿ ಹೀಗೆ ಒಡೆದರೆ ಇಂಜಿನ್ ಮೊದಲು ಎಳೆದುಕೊಳ್ಳುವುದು ತಳದ ಪದರವನ್ನೇ, ಏಕೆಂದರೆ ಪೈಪು ಇರುವುದು ತಳದಲ್ಲಿ. ಅದು ಸರಿಯಾಗಿ ಉರಿಯುವುದಿಲ್ಲ, ಲೋಹವನ್ನು ತಿನ್ನುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಯಂತ್ರದಲ್ಲಿ ಇನ್ನೂ ದೊಡ್ಡ ಅನಾಹುತ. ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿದಿರುತ್ತದೆ, ತಳದ ಪದರದಲ್ಲಿ ಇರುವುದಿಲ್ಲ. ಪಿಸ್ಟನ್ ಒಣಗಿದ ಸಿಲಿಂಡರಿನಲ್ಲಿ ಉಜ್ಜಿಕೊಂಡು ಹಿಡಿದುಬಿಡುತ್ತದೆ. ಆಯಿಲ್ ಹಾಕಿದ್ದೆನಲ್ಲ ಎಂದು ನೀವು ಹೇಳುವುದೂ ನಿಜ, ಪಿಸ್ಟನ್ ಸುಟ್ಟಿರುವುದೂ ನಿಜ.

ಈ ನೀರು ಎಲ್ಲಿಂದ ಬರುತ್ತದೆ? ಗಾಳಿಯ ತೇವದಿಂದ ಬರುವುದು ನಿಧಾನ. ಹೆಚ್ಚಿನದು ನಮ್ಮ ಕೈಯಿಂದಲೇ ಬರುತ್ತದೆ. ತೊಳೆದು ಒಣಗಿಸದ ಕ್ಯಾನ್, ಔಷಧಿ ಬೆರೆಸಲು ಬಳಸಿದ ಅದೇ ಒದ್ದೆ ಆಲಿಕೆ, ಮಳೆಯಲ್ಲಿ ನಿಂತ ಸ್ಪ್ರೇಯರ್, ಯಂತ್ರ ತೊಳೆಯುವಾಗ ಟ್ಯಾಂಕಿನ ಮುಚ್ಚಳದ ಮೇಲೆ ಬಿಟ್ಟ ಪೈಪು. ಪೆಟ್ರೋಲಿಗೆಂದೇ ಒಂದು ಆಲಿಕೆ ಬೇರೆ ಇಡಿ. ಯಂತ್ರದ ಜೊತೆ ಬಂದ ಕೈಪಿಡಿಯನ್ನೂ ಒಮ್ಮೆ ನೋಡಿ. ಹಳೆಯ ಯಂತ್ರಗಳಲ್ಲಿ ಹತ್ತು ಪಾಲು ಎಥನಾಲಿಗಿಂತ ಹೆಚ್ಚು ಬೇಡ ಎಂದು ಬರೆದಿರುತ್ತದೆ, ಅವುಗಳ ರಬ್ಬರ್ ಪೈಪುಗಳನ್ನು ಆಗಾಗ ಬಗ್ಗಿಸಿ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಿರಬೇಕು.

ಹಾಗಾದರೆ ಎಷ್ಟು ಇಡಬೇಕು, ಹೇಗೆ ಇಡಬೇಕು? ನನ್ನ ಮಟ್ಟಿಗೆ ಉತ್ತರ ಸರಳ: ಒಂದು ತಿಂಗಳಿಗೆ ಬೇಕಾದಷ್ಟು ಮಾತ್ರ ತನ್ನಿ. ಬಿಗಿಯಾದ ಲೋಹದ ಕ್ಯಾನಿನಲ್ಲಿ, ನೆರಳಿನಲ್ಲಿ, ಮೂರು ತಿಂಗಳು ಹೆಚ್ಚು ತೊಂದರೆಯಿಲ್ಲದೆ ಇರಬಹುದು. ಯಂತ್ರದ ಟ್ಯಾಂಕಿನಲ್ಲಿ ಅಷ್ಟೂ ಇಲ್ಲ, ಏಕೆಂದರೆ ಆ ಮುಚ್ಚಳಕ್ಕೆ ಗಾಳಿಯಾಡುವ ಕಿಂಡಿ ಇರುತ್ತದೆ. ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಬೆಲೆ ಏರುತ್ತದೆಂದು ಕೂಡಿಡುವವರಿದ್ದಾರೆ. ಉಳಿಸಿದ ನಾಲ್ಕು ಕಾಸು ಒಂದು ಕಾರ್ಬ್ಯುರೇಟರ್ ಬಿಚ್ಚುವ ಕೂಲಿಗೂ ಸಾಲದು.

ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಗಾಜು ಅಥವಾ ಪಿಂಗಾಣಿಯ ಪಾತ್ರೆಯಾದರೆ ಒಂದೊಂದೂ ಒಂದು ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು, ಬಿಗಿಯಾದ ಮುಚ್ಚಳ ಇರಬೇಕು. ಆ ಕಾಯ್ದೆಯ ಸಾಲಿನಲ್ಲಿ ಪ್ಲಾಸ್ಟಿಕ್ಕಿನ ಹೆಸರೇ ಇಲ್ಲ. ಬಂಕಿನ ಹುಡುಗ ನೀರಿನ ಬಾಟಲಿಗೆ ಹಾಕಲು ಒಪ್ಪದಿದ್ದಾಗ ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಬಾಟಲಿಗೆ ತುಂಬಿಸಿ ನೇತುಹಾಕಿ ಮಾರುವುದು ಒಂದು ಲೀಟರ್ ಆದರೂ ಕಾನೂನಿಗೆ ವಿರುದ್ಧ. ಅಲ್ಲಿ ಕೊಂಡದ್ದು ಯಾವ ತಿಂಗಳ ಪೆಟ್ರೋಲ್ ಎಂಬುದೂ ತಿಳಿಯುವುದಿಲ್ಲ.

ಹಾಲಿನ ಕ್ಯಾನ್ ಬೇಡ, ಅದರ ಮುಚ್ಚಳ ಆವಿ ತಡೆಯುವುದಿಲ್ಲ. ತಿರುಪಿನ ಮುಚ್ಚಳ, ಒಳಗೆ ವಾಷರ್ ಇರುವ ತಗಡಿನ ಕ್ಯಾನ್ ತೆಗೆದುಕೊಳ್ಳಿ. ಅಂಚಿನವರೆಗೆ ತುಂಬಬೇಡಿ. ಬೆಳಗಿನಿಂದ ಮಧ್ಯಾಹ್ನಕ್ಕೆ ಹದಿನೈದು ಡಿಗ್ರಿ ಏರಿದರೆ ಇಪ್ಪತ್ತು ಲೀಟರ್ ಪೆಟ್ರೋಲ್ ಕಾಲು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕು. ತುಂಬಿಸುವಾಗ ಕ್ಯಾನನ್ನು ಬೈಕಿನ ಮೇಲೋ ಆಟೊದ ಸೀಟಿನ ಮೇಲೋ ಇಟ್ಟುಕೊಳ್ಳದೆ ನೆಲದ ಮೇಲಿಟ್ಟು, ನಳಿಕೆಯ ಲೋಹ ಕ್ಯಾನಿನ ಬಾಯಿಗೆ ತಾಗಿರುವಂತೆ ಹಿಡಿಯಲು ಹೇಳಿ. ಪೆಟ್ರೋಲ್ ಹರಿಯುವಾಗ ಹುಟ್ಟುವ ವಿದ್ಯುತ್ ನೆಲಕ್ಕೆ ಇಳಿದುಹೋಗಬೇಕು. ಕ್ಯಾನಿನ ಮೇಲೆ ಪೇಂಟಿನಲ್ಲಿ 'ಪೆಟ್ರೋಲ್' ಎಂದು ಬರೆಯಿರಿ, ತಂದ ತಾರೀಖು ಬರೆಯಿರಿ. ಬಂಕಿನ ಚೀಟಿ ಅಂಟಿಸಿದರೆ ಆಗದು, ಆ ಕಾಗದದ ಅಕ್ಷರ ಬಿಸಿಲಿಗೆ ಬೇಗ ಅಳಿಸಿಹೋಗುತ್ತದೆ. ಆಯಿಲ್ ಬೆರೆಸಿದ್ದರೆ ಅದನ್ನೂ ಬರೆಯಿರಿ. ಲೀಟರಿಗೆ 40 ಮಿಲಿಯೋ 20 ಮಿಲಿಯೋ ಎಂಬುದು ನಿಮ್ಮ ಯಂತ್ರದ ಕೈಪಿಡಿಯಲ್ಲಿ ಇರುತ್ತದೆ. ಬೆರೆಸಿದ್ದನ್ನು ಆ ವಾರದ ಕೆಲಸಕ್ಕೆ ಮುಗಿಸಿಬಿಡಿ.

ಹಂಗಾಮು ಮುಗಿದಾಗ ಯಂತ್ರವನ್ನು ಖಾಲಿ ಮಾಡಿ ಒಳಗಿಡಿ. ಟ್ಯಾಂಕಿನ ಪೆಟ್ರೋಲ್ ಇಳಿಸಿ, ಕಾಕ್ ಮುಚ್ಚಿ, ಇಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಿಸಿ. ಕಾರ್ಬ್ಯುರೇಟರಿನ ತಳದಲ್ಲಿ ಒಂದು ತಿರುಪು ಇದ್ದರೆ ಸಡಿಲಿಸಿ ಕೊನೆಯ ಹನಿಯನ್ನೂ ತೆಗೆಯಿರಿ. ಐದು ನಿಮಿಷದ ಕೆಲಸ. ಪೆಟ್ರೋಲ್ ಕೆಡದಂತೆ ಹಾಕುವ ದ್ರವಗಳು ಮಾರುಕಟ್ಟೆಯಲ್ಲಿವೆ, ಅವು ಕೆಲಸ ಮಾಡುತ್ತವೆ. ಆದರೆ ತಾಜಾ ಪೆಟ್ರೋಲಿಗೆ ಹಾಕಿದರೆ ಮಾತ್ರ. ಕೆಟ್ಟದ್ದನ್ನು ಸರಿಮಾಡುವ, ಒಡೆದ ಪದರವನ್ನು ಕೂಡಿಸುವ ಔಷಧಿ ಯಾವುದೂ ಇಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ಆಗಲೇ ಹಳೆಯದಾಗಿರುವುದನ್ನು ಏನು ಮಾಡುವುದು?

ಮೊದಲು ಗಾಜಿನ ಬಾಟಲಿಗೆ ಸ್ವಲ್ಪ ಹಾಕಿ ಒಂದು ಗಂಟೆ ಅಲ್ಲಾಡಿಸದೆ ಇಟ್ಟು ನೋಡಿ. ಪದರವಿಲ್ಲ, ಕಸವಿಲ್ಲ, ಬಣ್ಣ ಹೆಚ್ಚು ಕಂದಾಗಿಲ್ಲ, ಎರಡು ಮೂರು ತಿಂಗಳಿನದು ಎಂದಾದರೆ ಅದಕ್ಕೆ ಇನ್ನೂ ಬದುಕಿದೆ. ಬಟ್ಟೆಯಲ್ಲಿ ಸೋಸಿ, ಕಾರ್ಬ್ಯುರೇಟರ್ ಇರುವ ಹಳೆಯ ಫೋರ್ ಸ್ಟ್ರೋಕ್ ಬೈಕಿನಲ್ಲಿ ಐದು ಲೀಟರ್ ಹೊಸ ಪೆಟ್ರೋಲಿಗೆ ಅರ್ಧ ಲೀಟರಿನಂತೆ ಬೆರೆಸಿ ಓಡಿಸಿಬಿಡಿ. 2020ರ ಏಪ್ರಿಲ್ ನಂತರದ, ಬಿಎಸ್ 6 ಎಂಬ ಹೊಗೆ ನಿಯಮದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಇಂಜೆಕ್ಟರ್, ಸೆನ್ಸರ್ ಇರುತ್ತವೆ, ಅವುಗಳಿಗೆ ಬೇಡ. ಆಯಿಲ್ ಬೆರೆಸಿದ್ದನ್ನೂ ಬೈಕಿಗೆ ಹಾಕಬೇಡಿ. ಸ್ಪ್ರೇಯರಿಗೆ, ಬ್ರಷ್ ಕಟ್ಟರಿಗೆ ಹಳೆಯದನ್ನು ಬೆರೆಸುವ ಯೋಚನೆಯೂ ಬೇಡ, ಆ ಸಣ್ಣ ಯಂತ್ರಗಳಿಗೆ ಸಹಿಸುವ ಶಕ್ತಿ ಕಡಿಮೆ.

ಪದರ ಒಡೆದದ್ದು, ಹುಳಿ ವಾಸನೆಯದ್ದು, ಕಂದು ಬಣ್ಣಕ್ಕೆ ತಿರುಗಿದ್ದು ಇನ್ನು ಇಂಧನವಲ್ಲ. ಅದನ್ನು ಏನು ಮಾಡುತ್ತೀರಿ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರಗಳು ನನಗೆ ಗೊತ್ತಿವೆ, ಒಂದೊಂದಕ್ಕೂ ಉತ್ತರ ಕೊಡುತ್ತೇನೆ. ಕಬ್ಬಿನ ತರಗಿಗೆ, ಕಸದ ಗುಡ್ಡೆಗೆ ಸುರಿದು ಬೆಂಕಿ ಕೊಡುತ್ತೇವೆ ಎನ್ನುತ್ತೀರಿ. ಸುರಿದು, ಕಡ್ಡಿಪೆಟ್ಟಿಗೆ ಹುಡುಕುವಷ್ಟರಲ್ಲಿ ಆವಿ ನಿಮ್ಮ ಕಾಲಿನ ಸುತ್ತ ಹರಡಿರುತ್ತದೆ. ಕಡ್ಡಿ ಗೀರಿದ ಕೂಡಲೇ ಗುಡ್ಡೆಗಿಂತ ಮೊದಲು ನೀವು ನಿಂತ ಜಾಗ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಹಾಗೆ ಮಾಡುತ್ತಿರಲಿಲ್ಲ. ಅದೇ ಧೈರ್ಯದಲ್ಲಿ ಪೆಟ್ರೋಲ್ ಸುರಿದವರು ಮುಖ, ಕೈ ಸುಟ್ಟುಕೊಂಡು ಆಸ್ಪತ್ರೆ ಸೇರುತ್ತಾರೆ. ತರಗನ್ನು ಸುಡುವುದೇ ಬೇಡ ಎಂಬುದು ಬೇರೆ ಮಾತು, ಸಾಲಿನಲ್ಲೇ ಹೊದಿಸಿದರೆ ಅದು ಗೊಬ್ಬರ. ಗೆದ್ದಲಿನ ಹುತ್ತಕ್ಕೆ, ಬದುವಿನ ಹುಲ್ಲಿಗೆ ಸುರಿಯುತ್ತೇವೆ ಎನ್ನುತ್ತೀರಿ. ಅದು ನಿಮ್ಮದೇ ಮಣ್ಣು. ಗ್ರೀಸ್ ಹಿಡಿದ ಕೈ ತೊಳೆಯುತ್ತೇವೆ ಎನ್ನುತ್ತೀರಿ. ಪೆಟ್ರೋಲಿನಲ್ಲಿ ಬೆನ್ಜೀನ್ ಎಂಬ, ಕ್ಯಾನ್ಸರ್ ತರುವ ವಸ್ತುವಿದೆ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಚರಂಡಿಗೆ, ನಾಲೆಗೆ ಸುರಿಯುವುದರ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. ನಮ್ಮ ಪೆಟ್ರೋಲಿನಲ್ಲಿ ಬೆನ್ಜೀನ್ ನೂರಕ್ಕೆ ಒಂದು ಪಾಲಿನವರೆಗೆ ಇರಬಹುದು. ಒಂದು ಲೀಟರಿನಲ್ಲಿ ಗರಿಷ್ಠ ಒಂಬತ್ತು ಗ್ರಾಂ ಹತ್ತಿರ. ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಬೆನ್ಜೀನ್ 10 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾಗಿಸಿ ನೋಡಿ, ಒಂದು ಲೀಟರ್ ಪೆಟ್ರೋಲಿನ ಬೆನ್ಜೀನ್ ಎಂಟು ಲಕ್ಷ ಲೀಟರಿಗಿಂತ ಹೆಚ್ಚು ನೀರನ್ನು ಆ ಮಿತಿಗೆ ತರಬಲ್ಲದು. ಮೇಲಿನ ನೀರಿಗೆ ಬಿದ್ದದ್ದರಲ್ಲಿ ಬಹುಪಾಲು ಗಾಳಿಗೆ ಹಾರಿಹೋಗುತ್ತದೆ, ನಿಜ. ಮಣ್ಣಿನೊಳಗೆ ಇಳಿದದ್ದಕ್ಕೆ ಹಾರಲು ದಾರಿ ಇಲ್ಲ, ಅದು ಕೊಳವೆ ಬಾವಿಯ ಕಡೆಗೆ ಹೋಗುತ್ತದೆ. ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬರಲಿಲ್ಲವೆಂದರೆ ರಸ್ತೆಗೆ ಇಳಿಯುವವರು ನಾವು. ಆ ನೀರಿನಲ್ಲೇ ದನ ತೊಳೆಯುತ್ತೇವೆ, ಬಟ್ಟೆ ಒಗೆಯುತ್ತೇವೆ, ಗದ್ದೆಗೆ ಹಾಯಿಸುತ್ತೇವೆ. ನೀರಿಗಾಗಿ ಹೋರಾಡಿದವರ ಮಕ್ಕಳ ಕೈಯಿಂದ ಅದಕ್ಕೆ ಪೆಟ್ರೋಲ್ ಬೀಳಬಾರದು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಕೆಟ್ಟದ್ದನ್ನು ಲೋಹದ ಡಬ್ಬಿಗೆ ಹಾಕಿ, ಮುಚ್ಚಿ, 'ಕೆಟ್ಟ ಪೆಟ್ರೋಲ್' ಎಂದು ಬರೆದು ಬೇರೆ ಇಡಿ. ತೆಗೆದ ಇಂಜಿನ್ ಆಯಿಲಿನ ಜೊತೆ ಬೆರೆಸಬೇಡಿ. ಹಳೆಯ ಆಯಿಲ್ ಕೊಂಡುಹೋಗುವವರು ಅದನ್ನು ಬಿಸಿ ಮಾಡಿ ಶುದ್ಧೀಕರಿಸುವಾಗ ಒಳಗಿರುವ ಪೆಟ್ರೋಲ್ ಅವರ ಜೀವಕ್ಕೆ ಕುತ್ತು. ದೊಡ್ಡ ಗ್ಯಾರೇಜುಗಳಲ್ಲಿ ಕೆಟ್ಟ ಇಂಧನವನ್ನು ಬೇರೆಯಾಗಿ ಕೂಡಿಟ್ಟು, ಪರವಾನಗಿ ಇರುವವರಿಗೆ ಕೊಡುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ, ಒಪ್ಪಿದರೆ ಮಾತ್ರ ಕೊಡಿ. ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯಕ್ಕೆ ದಾಬಸ್‌ಪೇಟೆಯ ಬಳಿ ಘಟಕವಿದೆ. ರೈತನ ಮನೆಯ ಎರಡು ಲೀಟರಿಗೆ ಅಂಥ ದಾರಿ ಸುಲಭವಾಗಿ ಸಿಗುವುದಿಲ್ಲ. ಮನೆಗಳ ಅಪಾಯಕಾರಿ ಕಸವನ್ನು ಪಡೆಯಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಪಟ್ಟಣಗಳಿಗೆ ಹೇಳಿದ್ದವು. ಗ್ರಾಮಸಭೆಯಲ್ಲಿ ಎದ್ದು ಕೇಳಿ. ಕೀಟನಾಶಕದ ಡಬ್ಬಿ, ಬ್ಯಾಟರಿ, ಕೆಟ್ಟ ಪೆಟ್ರೋಲ್ ಮೂರನ್ನೂ ವರ್ಷಕ್ಕೆ ಒಂದೆರಡು ಸಲ ಸಂಗ್ರಹಿಸಿ ಸರಿಯಾದ ಕಡೆ ತಲುಪಿಸುವ ಏರ್ಪಾಟು ಪಂಚಾಯಿತಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಸೇರಿದರೆ ಆಗದ ಕೆಲಸವಲ್ಲ. ದಿನಾ ಬೆಳಿಗ್ಗೆ ಮನೆ ಮನೆಯ ಹಾಲನ್ನು ಅಳೆದು ಕೂಡಿಸುವ ಶಿಸ್ತು ಈ ಡೈರಿಗೆ ಇದೆ. ಈ ಕೆಲಸಕ್ಕೂ ಇಲ್ಲಿಂದಲೇ ಯಾರಾದರೂ ಮುಂದೆ ಬರಬೇಕು.

ಇನ್ನು ಕೆಲವು ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: 'ಚೆಲ್ಲಿದ್ದನ್ನು ಒರೆಸಿದ ಬಟ್ಟೆ ಏನು ಮಾಡಬೇಕು?' ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ ಯಜಮಾನರೇ. ಒಲೆ, ಬೀಡಿ, ಮಕ್ಕಳಿಂದ ದೂರ, ಬಯಲಿನಲ್ಲಿ ಹರಡಿ ಪೂರ್ತಿ ಒಣಗಲು ಬಿಡಿ. ಹೆಚ್ಚು ಚೆಲ್ಲಿದರೆ ಮರಳು ಅಥವಾ ಒಣ ಮಣ್ಣು ಹಾಕಿ. ಬೆಂಕಿ ಹತ್ತಿದರೂ ಮರಳೇ, ಅಥವಾ ಪುಡಿಯ ಅಗ್ನಿಶಾಮಕ. ನೀರು ಸುರಿದರೆ ಪೆಟ್ರೋಲ್ ಅದರ ಮೇಲೆ ತೇಲಿಕೊಂಡು ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ.

ಒಬ್ಬ ಯುವಕ: 'ಅಣ್ಣ, ಬಾಡಿಗೆಗೆ ತಂದ ಯಂತ್ರದಲ್ಲಿ ಉಳಿದಿದ್ದರೆ?' ಸರ್ಕಾರಿ ಯೋಜನೆಯ ಬಾಡಿಗೆ ಕೇಂದ್ರವಾದ ಕೃಷಿ ಯಂತ್ರಧಾರೆಯಿಂದ ತಂದಿರಲಿ, ಪಕ್ಕದ ಮನೆಯಿಂದ ತಂದಿರಲಿ, ಹಿಂದಿರುಗಿಸುವಾಗ ಎಂದು ತುಂಬಿದ ಪೆಟ್ರೋಲ್ ಒಳಗಿದೆ ಎಂದು ಹೇಳಿಬಿಡಿ. ತರುವಾಗಲೂ ಕೇಳಿ. ಗೊತ್ತಿಲ್ಲವೆಂದರೆ ಇಳಿಸಿ ಹೊಸದು ಹಾಕಿ.

ಕೊನೆಯ ಪ್ರಶ್ನೆ ಸ್ವಸಹಾಯ ಸಂಘದ ತಾಯಿಯೊಬ್ಬರದು: 'ಪೈಪಿಟ್ಟು ಬಾಯಿಂದ ಎಳೆಯುವಾಗ ನಮ್ಮ ಹುಡುಗರು ನುಂಗಿಬಿಡುತ್ತಾರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕೇ?' ಮಾಡಿಸಲೇಬೇಡಿ ತಾಯಿ. ಪೆಟ್ರೋಲ್ ಹೊಟ್ಟೆಯಲ್ಲಿರುವುದಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚು ಅಪಾಯ. ವಾಂತಿ ಮಾಡಿದಾಗ ಅದು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಬಾಯಿ ತೊಳೆಸಿ, ಪೆಟ್ರೋಲ್ ಬಿದ್ದ ಬಟ್ಟೆ ತೆಗೆಸಿ, ನೇರವಾಗಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆರಾಮವಾಗಿದ್ದಾನೆ ಎಂದು ಮನೆಯಲ್ಲೇ ಉಳಿಸಿಕೊಳ್ಳಬೇಡಿ, ಕೆಮ್ಮು, ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಶುರುವಾಗಬಹುದು. ನುಂಗಿದ್ದು ಯಾವ ಬಾಟಲಿಯಿಂದಲೋ ಅದನ್ನೂ ಮುಚ್ಚಿ ಜೊತೆಗೆ ಒಯ್ಯಿರಿ. ಅದು ಕೀಟನಾಶಕದ ಹಳೆಯ ಡಬ್ಬಿಯಾಗಿದ್ದರೆ ವೈದ್ಯರಿಗೆ ಆ ವಿಷಯ ಮೊದಲು ತಿಳಿಯಬೇಕು. ಎಳೆಯುವ ಕೆಲಸಕ್ಕೆ ಕೈಯಿಂದ ಒತ್ತುವ ರಬ್ಬರ್ ಬಲ್ಬಿನ ಪಂಪು ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಸಂಘದಿಂದಲೇ ಒಂದು ತರಿಸಿಡಿ.